ಉರಿ ಇರುವಷ್ಟರಲ್ಲಿ

ಸುರಬಾಯದ ಆ ಓಣಿಯಲ್ಲಿ ತಳ್ಳುಗಾಡಿಗಳೆಲ್ಲ ಮನೆ ಸೇರಿದ್ದವು.
ಹನ್ನೊಂದರ ಹೊತ್ತಿಗೆ ಕದ ತಟ್ಟಿದವಳು
ನಾದಿನಿ ಪಾರ್ತಿನಿ.
ಒಂದು ಕೈಯಲ್ಲಿ ಸೂಟ್‌ಕೇಸು,
ಇನ್ನೊಂದರಲ್ಲಿ, ಯಾಕೋ ಏನೋ, ಇಸ್ತ್ರಿಪೆಟ್ಟಿಗೆ.
ಅದರ ವೈರು ಹೊಸಿಲು ದಾಟಿ
ಹಿಂದೆ ಹಿಂದೆ ಬಂತು.

ಏನಾಯಿತೆಂದು ವುರ್ಯಾನಿ ಕೇಳಲಿಲ್ಲ.
ಕೇಳಿದ್ದು: ಊಟ ಆಯ್ತಾ?
ಆಯ್ತು, ಅಂದಳು.
ಆಗಿಲ್ಲವೆಂಬುದು ಆ ಆಯ್ತಿನಲ್ಲೇ ಇತ್ತು.

ಅನ್ನದ ಪಾತ್ರೆ ತೊಳೆದು ಬೋರಲು ಹಾಕಿಯಾಗಿದೆ.
ಫ್ರಿಜ್ಜಿನ ಬಾಗಿಲು ತೆಗೆದರೆ
ಒಳಗಿನ ಬಡ ದೀಪ ತೋರಿಸಿದ್ದು
ಗಡ್ಡ ಬಿಟ್ಟ ಒಂದು ಗಜ್ಜರಿ,
ಅಂಚು ಕಂದಿದ ಕಾಲುಭಾಗ ಕೋಸು,
ಮೊನ್ನೆ ಪಕ್ಕದ ಮನೆಯ ಹರಕೆಯೂಟದಿಂದ ಬಂದ ಬಾಳೆಲೆಯ ಪೊಟ್ಟಣ.
ಅದರಲ್ಲಿ ಉಳಿದಿರುವುದು ಕೋಳಿಯ ಕತ್ತು ಮಾತ್ರ
(ಮಗ ಗಲಿಹ್ ಅದನ್ನು ಮುಟ್ಟುವುದಿಲ್ಲ,
ಅದು ತನ್ನನ್ನೇ ನೋಡುತ್ತದಂತೆ).
ಮತ್ತೆ ಮೊಟ್ಟೆ. ಒಂದು.
ಹಿಂದೆ ಕೈಯಾಡಿಸಿದರೂ ಒಂದೇ.

ನೂಡಲ್ಸ್ ಇದ್ದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ.
ಆ ಡಬ್ಬಿಯಲ್ಲಿ ಬಿಸ್ಕತ್ತು ಕಂಡವರು ಯಾರೂ ಇಲ್ಲ.
ಗುಂಡಿ, ಬಾಬಿನ್, ಸೂಜಿ, ಸೀಮೆಸುಣ್ಣ,
ಅವುಗಳ ತಳದಲ್ಲಿ ಗಲಿಹ್‌ನ ಕಣ್ಣು ತಪ್ಪಿಸಿಟ್ಟ
ಒಂದು ಕಟ್ಟು.
ಥರ್ಮಾಸಿನ ನೀರು ಸುರಿದು ಮುಚ್ಚಿದಳು.

ಇನ್ನು ಗ್ಯಾಸು.
ಹಸಿರು ಪುಟ್ಟ ಸಿಲಿಂಡರು, ಊರೆಲ್ಲ ಅದನ್ನು ಕರಬೂಜ ಅನ್ನುತ್ತದೆ.
ಸಂತೆಯಲ್ಲಿ ಹಣ್ಣು ಆರಿಸುವವಳ ಹಾಗೆ
ಬೆರಳಲ್ಲಿ ತಟ್ಟಿ, ಕಿವಿಗೊಟ್ಟಳು.
ಟೊಳ್ಳು.
ಐದು ನಿಮಿಷ ಬಂದರೆ ಪುಣ್ಯ.

ಹಾಸಿಗೆ ಇದ್ದಷ್ಟು ಕಾಲು ಚಾಚೆಂದು
ಮನುಷ್ಯರಿಗೆ ಹೇಳಬಹುದು, ಬಾಣಲೆಗೆ ಹೇಳಲಾಗದು.
ಅದಕ್ಕೆ ಬೇಕು ಪೂರ್ತಿ ಉರಿ,
ಸಣ್ಣಗಿಟ್ಟರೆ ಕೋಸು ಬೆವರುತ್ತದೆ, ಹುರಿಯುವುದಿಲ್ಲ.
ತಿರುವಿದಳು ಕೊನೆಯವರೆಗೂ.

ಎಣ್ಣೆ ಹೊಗೆಯಾಡಿತು, ಈರುಳ್ಳಿ ಬಿತ್ತು,
ಬೆಳ್ಳುಳ್ಳಿ ಬಿತ್ತು, ಬಿಡಿಸಿದ ಕತ್ತಿನ ಮಾಂಸ ಬಿತ್ತು,
ಗಜ್ಜರಿ ಬೀಳುವ ಹೊತ್ತಿಗೆ
ಪಾರ್ತಿನಿ ಮಾತು ತೆಗೆದಳು.
ಆ ಚರಚರ ಸದ್ದಿಗೇ ಕಾದಿದ್ದಳೇನೋ,
ತನ್ನ ಮಾತು ತನಗೇ ಕೇಳಿಸದಂಥ ಸದ್ದಿಗೆ.
ಸೌಟಿನ ನಡುನಡುವೆ ವುರ್ಯಾನಿಗೆ ಸಿಕ್ಕಿದ್ದು ಚೂರುಗಳು:
ಬೀಗದ ಕೈ...
ಅವರಮ್ಮ...
ಅವನು ಟಿವಿ ನೋಡ್ತಾನೇ ಇದ್ದ...
ಕೋಸು ಬಿತ್ತು. ಇನ್ನಷ್ಟು ಸದ್ದು.

ಸಿಹಿ ಸೋಯಾದ ಬಾಟಲಿ ಬೆಳಗಿನಿಂದ
ತಲೆಕೆಳಗಾಗಿ ತಪಸ್ಸಿಗೆ ನಿಂತಿತ್ತು.
ಎರಡು ಚಮಚ ನೀರು ಹಾಕಿ ಕುಲುಕಿ
ಬಂದದ್ದಷ್ಟನ್ನೂ ನೂಡಲ್ಸಿನ ಮೇಲೆ ಸುರಿದಳು.
ಬಿಳಿ ಎಳೆಗಳು ಕಂದಾದವು,
ಅಂಚಿನಲ್ಲಿ ಸಕ್ಕರೆ ಸುಟ್ಟ ವಾಸನೆ ಎದ್ದು
ಮಲಗಿದ್ದ ಗಲಿಹ್‌ನನ್ನು ಎಬ್ಬಿಸಿ ಕರೆತಂತು.

ಆಗಲೇ ಉರಿ
ನೀಲಿಯಿಂದ ಹಳದಿಗೆ ಬಂದು,
ಒಮ್ಮೆ ಬಿಕ್ಕಿ,
ಹೋಯಿತು.

ಅಡುಗೆಮನೆ ತಟ್ಟನೆ ಸುಮ್ಮನಾಯಿತು.
ಪಾರ್ತಿನಿಯ ಅರ್ಧ ವಾಕ್ಯ ಮಾತ್ರ
ನಡುಮನೆಯವರೆಗೂ ಕೇಳುವಷ್ಟು ಜೋರಾಗಿ ಉಳಿಯಿತು:
"ಇಸ್ತ್ರಿಪೆಟ್ಟಿಗೆ ನನ್ನ ದುಡ್ಡಿಂದು!"

ಯಾರೂ ಏನೂ ಅನ್ನಲಿಲ್ಲ.
ವುರ್ಯಾನಿ ಮೊಟ್ಟೆಯನ್ನು ಬಾಣಲೆಯ ಅಂಚಿಗೆ ಕುಟ್ಟಿ
ಇದ್ದ ಬಿಸಿಯ ಮೇಲೇ ಒಡೆದಳು,
ಎರಡೂ ಕೈಯಲ್ಲಿ ಸೌಟು ಹಿಡಿದು ಗಡಬಡಿಸಿ ತಿರುವಿದಳು.
ಮೊಟ್ಟೆ ಗಟ್ಟಿಯಾಗಲಿಲ್ಲ.
ಎಳೆಎಳೆಗೂ ತೆಳ್ಳಗೆ ಅಂಟಿಕೊಂಡಿತು,
ಯಾರಿಗೆ ಎಷ್ಟು ಬಂತೆಂದು ಅಳೆಯಲು ಬಾರದ ಹಾಗೆ.

ಮೂರು ತಟ್ಟೆ. ಚಾಪೆ.
ಗಲಿಹ್ ಕೋಳಿಯ ಕತ್ತನ್ನು ಗುರುತಿಸದೆ ತಿಂದ.
ಪಾರ್ತಿನಿ ನಾಲ್ಕನೆಯ ತುತ್ತಿನಲ್ಲಿ ನಿಲ್ಲಿಸಿ,
ಬಾಯೊಳಗೆ ಬೆರಳಿಟ್ಟು ಏನನ್ನೋ ತೆಗೆದಳು:
ಬಿಳಿಯ ಗುಂಡಿ, ನಾಲ್ಕು ತೂತಿನದು.
ನೆಕ್ಕಿ, ದೀಪಕ್ಕೆ ಹಿಡಿದಳು.
"ಇದು ಯಾವ ಅಂಗಿದು?"

"ಸ್ಕೂಲಿನ ಮಕ್ಕಳದ್ದು," ಅಂದಳು ವುರ್ಯಾನಿ,
ತಟ್ಟೆಯಿಂದ ತಲೆ ಎತ್ತದೆ.
"ಸೋಮವಾರಕ್ಕೆ ನಲವತ್ತು ಕೊಡಬೇಕು.
ಹೊಲಿಯೋದು ಹೊಲಿದೇನು,
ಇಸ್ತ್ರಿಗೆ ಜನ ಇಲ್ಲ."